ಕೋಣೆ ಸಿಗದ ತಾಯಂದಿರು

‘ವಿಮೆನ್ ಆಫ್ ಟ್ವೈಲೈಟ್’ ಎಂಬ 1952ರ ಬ್ರಿಟಿಷ್ ಚಿತ್ರದಲ್ಲಿ ವಿವಿಯನ್ ಎಂಬ ಗರ್ಭಿಣಿಗೆ ತಲೆಯ ಮೇಲೊಂದು ಸೂರು ಬೇಕಾಗಿದೆ. ಪ್ರಿಯಕರ ಕೊಲೆ ಆರೋಪದಲ್ಲಿ ಸಿಕ್ಕಿಬಿದ್ದಿದ್ದಾನೆ, ಮದುವೆಯಾಗಿಲ್ಲ, ದಿನ ತುಂಬುತ್ತಿದೆ. ಅಂಥವಳಿಗೆ ಬಾಡಿಗೆ ಕೋಣೆ ಕೊಡಲು ಮರ್ಯಾದಸ್ಥರು ಯಾರೂ ಸಿದ್ಧರಿಲ್ಲ. ಕೊನೆಗೆ ಅವಳನ್ನು ಒಳಗೆ ಬಿಟ್ಟುಕೊಳ್ಳುವವಳು ಹೆಲೆನ್ ಅಲಿಸ್ಟೇರ್ ಎಂಬ ಮನೆಯೊಡತಿ. ಅವಿವಾಹಿತ ತಾಯಂದಿರನ್ನು ಇಟ್ಟುಕೊಳ್ಳುವುದೇ ಆಕೆಯ ವ್ಯಾಪಾರ.

ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು, ಹೆರಿಗೆ ವಾರ್ಡುಗಳಲ್ಲಿಯೇ ವೃತ್ತಿಜೀವನದ ಬಹುಪಾಲನ್ನು ಕಳೆದವಳು ನಾನು. ಕಳೆದ ಚಳಿಗಾಲದ ಒಂದು ಭಾನುವಾರ ಈ ಚಿತ್ರವನ್ನು ನೆರೆಮನೆಯ ಹಿರಿಯರೊಬ್ಬರ ಜೊತೆ ಕುಳಿತು ನೋಡಿದೆ. ಅವರೂ ನಿವೃತ್ತ ಮಿಡ್‌ವೈಫ್. 1960ರ ದಶಕದಲ್ಲಿ, ಇನ್ನೂ ತರುಣಿಯಾಗಿದ್ದಾಗ, ಅವಿವಾಹಿತ ತಾಯಂದಿರ ಆಶ್ರಯಗೃಹವೊಂದರಲ್ಲಿ ಕೆಲಸ ಮಾಡಿದ್ದವರು.

ಇಬ್ಬರು ಮಿಡ್‌ವೈಫ್‌ಗಳು ಕುಳಿತು ನೋಡುವಾಗ ಕಣ್ಣು ಕಥೆಗಿಂತ ಮೊದಲು ಮಕ್ಕಳ ಕಡೆಗೆ ಹೋಗುತ್ತದೆ. ತಾಯಂದಿರು ಹೊರಗೆ ದುಡಿಯಲು ಹೋದಾಗ ಆ ಮನೆಯ ಎಳೆಯ ಕೂಸುಗಳನ್ನು ಒಟ್ಟಿಗೆ ಕೂಡಿಹಾಕಲಾಗುತ್ತದೆ; ಅವುಗಳ ಆರೈಕೆಗೆಂದು ಹಣ ಪಡೆಯುವ ಮನೆಯೊಡತಿಗೆ ಅವುಗಳ ಮೇಲೆ ಕಿಂಚಿತ್ತೂ ಅಕ್ಕರೆಯಿಲ್ಲ. ಶುಶ್ರೂಷೆ ಸಿಗದೆ ಒಂದು ಮಗು ಸಾಯುತ್ತದೆ. ಆ ಮಗುವಿನ ತಾಯಿ ಕ್ರಿಸ್ಟೀನ್ ಆಗಿ ನಟಿಸಿದವರು ಲೋಯಿಸ್ ಮ್ಯಾಕ್ಸ್‌ವೆಲ್, ಮುಂದೆ ಜೇಮ್ಸ್ ಬಾಂಡ್ ಚಿತ್ರಗಳಲ್ಲಿ ಮಿಸ್ ಮನಿಪೆನ್ನಿಯಾಗಿ ಜಗತ್ತಿಗೇ ಪರಿಚಿತರಾದವರು. ಮನೆಯೊಡತಿಯ ಪಾತ್ರದ ಫ್ರೀಡಾ ಜಾಕ್ಸನ್ ಅವರ ಅಭಿನಯವಂತೂ ಮೈ ನಡುಗಿಸುತ್ತದೆ. ಆಕೆ ಎಲ್ಲರೊಡನೆ ಸಿಹಿಯಾಗಿ ಮಾತನಾಡುತ್ತಲೇ ವಸೂಲಿ ಮಾಡುತ್ತಾಳೆ. ಹದಿನಾರು ವರ್ಷದೊಳಗಿನವರಿಗೆ ಪ್ರವೇಶ ನಿಷೇಧಿಸುವ ‘ಎಕ್ಸ್’ ಪ್ರಮಾಣಪತ್ರವನ್ನು ಬ್ರಿಟನ್ 1951ರಲ್ಲಿ ಜಾರಿಗೆ ತಂದ ಬಳಿಕ, ಅದನ್ನು ಪಡೆದ ಮೊದಲ ಬ್ರಿಟಿಷ್ ಚಿತ್ರವೆಂದು ಇದನ್ನು ಗುರುತಿಸುತ್ತಾರೆ.

ಚಿತ್ರಕ್ಕೆ ಆಧಾರವಾದ ಸಿಲ್ವಿಯಾ ರೇಮನ್ ಅವರ ನಾಟಕದಲ್ಲಿ ಪಾತ್ರಧಾರಿಗಳೆಲ್ಲ ಹೆಂಗಸರೇ. ಒಬ್ಬ ಗಂಡಸೂ ರಂಗದ ಮೇಲೆ ಬರುವುದಿಲ್ಲ. ಚಿತ್ರದಲ್ಲಿ ವಿವಿಯನ್‌ಳ ಪ್ರಿಯಕರನಾಗಿ ಲಾರೆನ್ಸ್ ಹಾರ್ವಿ ಕಾಣಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ನಾಟಕದ ಆಯ್ಕೆಯೇ ಹೆಚ್ಚು ಸತ್ಯ. ಹೆರಿಗೆ ವಾರ್ಡಿನಲ್ಲಿ ಒಂಟಿಯಾಗಿ ಮಲಗಿದ ಹುಡುಗಿಯರನ್ನು ನಾನು ಕಂಡಿದ್ದೇನೆ. ಅವರ ಕಥೆಯಲ್ಲಿ ಗಂಡಸು ಇರುವುದೇ ಹಾಗೆ, ಕಣ್ಣಿಗೆ ಬೀಳದೆ.

ಅನ್ಯರ ಶಿಶುಗಳನ್ನು ಹಣಕ್ಕಾಗಿ ಸಾಕಲು ತೆಗೆದುಕೊಂಡು ಸಾಯಲು ಬಿಡುವ ಪಾತಕಕ್ಕೆ ಇಂಗ್ಲೆಂಡಿನಲ್ಲಿ ಹಳೆಯ ಇತಿಹಾಸವಿದೆ. ಅದನ್ನು ತಡೆಯಲು 1872ರಲ್ಲಿಯೇ ಕಾಯ್ದೆ ಬಂದಿತ್ತು. ಹೀಗೆ ಸಾಕಲು ಪಡೆದ ಶಿಶುವನ್ನು ಕೊಂದದ್ದಕ್ಕಾಗಿ ಅಮೆಲಿಯಾ ಡಯರ್ ಎಂಬಾಕೆಯನ್ನು 1896ರಲ್ಲಿ ಗಲ್ಲಿಗೇರಿಸಲಾಯಿತು. ಇಷ್ಟಾದ ಮೇಲೂ 1950ರ ದಶಕದ ಪ್ರೇಕ್ಷಕರಿಗೆ ಹೆಲೆನ್ ನಂಬಬಹುದಾದ ಪಾತ್ರವಾಗಿ ಕಂಡದ್ದೇಕೆ ಎಂದು ನಾನು ಕೇಳಿದಾಗ ನೆರೆಮನೆಯವರು, “ಬೇರೆ ಬಾಗಿಲುಗಳು ಮುಚ್ಚಿದ್ದವಲ್ಲ” ಎಂದಷ್ಟೇ ಹೇಳಿ, ತಮ್ಮ ಆಶ್ರಯಗೃಹದ ವಿಷಯಕ್ಕೆ ಬಂದರು.

ಅಲ್ಲಿ ಯಾರೂ ಮಕ್ಕಳನ್ನು ಹಸಿವಿನಲ್ಲಿ ಕೆಡವುತ್ತಿರಲಿಲ್ಲ. ಹಾಸಿಗೆ ಶುಭ್ರವಾಗಿತ್ತು, ಹಾಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಹುಡುಗಿಯರು ಕ್ಲಿನಿಕ್ಕಿಗೆ ಹೋಗುವಾಗ ಬೆರಳಿಗೆ ಅಗ್ಗದ ಉಂಗುರವೊಂದನ್ನು ಹಾಕಿಕೊಂಡು, ಮದುವೆಯಾದವರಂತೆ ತೋರಿಸಿಕೊಳ್ಳುತ್ತಿದ್ದರು. ಹುಟ್ಟಲಿರುವ ಮಗುವಿಗೆ ತಾವೇ ಉಲ್ಲನ್ ಅಂಗಿ, ಟೊಪ್ಪಿ ಹೆಣೆಯುತ್ತಿದ್ದರು. ಮಗುವಿಗೆ ಆರು ವಾರ ತುಂಬುವ ಮೊದಲು ದತ್ತು ಕೊಡಲು ತಾಯಿ ನೀಡುವ ಒಪ್ಪಿಗೆ ಕಾನೂನಿನ ಪ್ರಕಾರ ಊರ್ಜಿತವಲ್ಲ. ಹಾಗಾಗಿ ಆರು ವಾರ ತಾಯಿಯೇ ಮಗುವಿಗೆ ಸ್ನಾನ ಮಾಡಿಸಿ, ಹಾಲು ಕುಡಿಸಿ, ನಿದ್ದೆಗೆಟ್ಟು ಸಾಕುತ್ತಿದ್ದಳು. ಆಮೇಲೊಂದು ದಿನ ತಾನೇ ಹೆಣೆದ ಬಟ್ಟೆಯನ್ನು ತೊಡಿಸಿ ಇನ್ನೊಬ್ಬರ ಕೈಗೆ ಒಪ್ಪಿಸಬೇಕಾಗುತ್ತಿತ್ತು. “ನಾವು ಅದನ್ನು ಒಳ್ಳೆಯ ಕೆಲಸವೆಂದೇ ತಿಳಿದಿದ್ದೆವು” ಎಂದರು ಅವರು. ಬಾಣಂತಿಗೂ ಕೂಸಿಗೂ ಆ ಆರು ವಾರಗಳಲ್ಲಿ ಏನು ಬೆಳೆಯುತ್ತದೆ ಎಂಬುದನ್ನು ನಮ್ಮ ವೃತ್ತಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಚಿತ್ರದ ಬಗ್ಗೆ ನನ್ನ ತಕರಾರು ಹುಟ್ಟುವುದು ಇಲ್ಲಿಯೇ. ಅಪರಾಧ ಕಥೆಗೆ ಅಪರಾಧಿ ಬೇಕು, ಅವಳು ಸಿಕ್ಕಿಬಿದ್ದರೆ ಕಥೆ ಮುಗಿಯುತ್ತದೆ. ಆದರೆ ಹೆಲೆನ್‌ಳ ವ್ಯಾಪಾರ ನಡೆಯುತ್ತಿದ್ದುದು ಅವಳ ಕ್ರೌರ್ಯದಿಂದಲ್ಲ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಇನ್ನೊಂದು ಕೋಣೆ ಇರಲಿಲ್ಲವಾದ್ದರಿಂದ. ತಂದೆತಾಯಿಯ ವಿವರವಿಲ್ಲದ ಚಿಕ್ಕ ಜನನ ಪ್ರಮಾಣಪತ್ರವನ್ನು ಇಂಗ್ಲೆಂಡ್ 1947ರಲ್ಲಿಯೇ ತಂದು ಮಕ್ಕಳ ಅವಮಾನವನ್ನು ಸ್ವಲ್ಪ ತಗ್ಗಿಸಿತ್ತು. (ನಾನು ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ದಾಖಲಾತಿ ಪುಸ್ತಕದಲ್ಲಿ ‘ಗಂಡನ ಹೆಸರು’ ಎಂಬ ಅಂಕಣ ಖಾಲಿ ಬಿಟ್ಟರೆ ಗುಮಾಸ್ತರು ತಲೆಯೆತ್ತಿ ನೋಡುತ್ತಿದ್ದರು.) ಕಾಗದದ ಮೇಲೆ ಇಷ್ಟು ಕರುಣೆ ತೋರಿದ ಸಮಾಜ ಮನೆಯ ಬಾಗಿಲನ್ನು ಮಾತ್ರ ತೆರೆಯಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1949ರಿಂದ 1976ರ ನಡುವೆ ಸುಮಾರು 1,85,000 ಮಕ್ಕಳನ್ನು ಅವಿವಾಹಿತ ತಾಯಂದಿರಿಂದ ಬೇರ್ಪಡಿಸಿ ದತ್ತು ಕೊಡಲಾಯಿತೆಂದು ಸಂಸತ್ತಿನ ಮಾನವ ಹಕ್ಕುಗಳ ಜಂಟಿ ಸಮಿತಿ 2022ರ ವರದಿಯಲ್ಲಿ ಅಂದಾಜಿಸಿದೆ. ಸ್ಕಾಟ್ಲೆಂಡ್ ಸರ್ಕಾರ 2023ರ ಮಾರ್ಚಿನಲ್ಲಿ ಅಂಥ ತಾಯಂದಿರ ಮತ್ತು ಮಕ್ಕಳ ಕ್ಷಮೆ ಕೇಳಿತು. ಈ ಅಗಲಿಕೆಗಳಲ್ಲಿ ಬಹಳಷ್ಟು ಸಹಿ, ಮೊಹರುಗಳೊಂದಿಗೆ, ಸಜ್ಜನರ ಕೈಯಿಂದಲೇ ನಡೆದವು.

ಪರಿಸ್ಥಿತಿ ಯಾವಾಗ ಬದಲಾಯಿತು ಎಂದು ನಾನು ಕೇಳಿದಾಗ, ನೆರೆಮನೆಯವರು ಜನರ ಮನಸ್ಸಿಗಿಂತ ಮೊದಲು ಕಾಯ್ದೆಯೊಂದನ್ನು ಹೆಸರಿಸಿದರು. 1977ರ ವಸತಿರಹಿತರ ಕಾಯ್ದೆಯ ಪ್ರಕಾರ ಗರ್ಭಿಣಿಯರು ಮತ್ತು ಮಕ್ಕಳೊಂದಿಗೆ ಬೀದಿಗೆ ಬಿದ್ದವರು ಆದ್ಯತೆಯ ಸಾಲಿಗೆ ಸೇರಿದರು. ಅವರಿಗೆ ವಸತಿ ಒದಗಿಸುವುದು ಸ್ಥಳೀಯ ಕೌನ್ಸಿಲ್‌ನ ಹೊಣೆಯಾಯಿತು. ಆ ವೇಳೆಗಾಗಲೇ ದತ್ತು ಕೊಡುವವರ ಸಂಖ್ಯೆ ಇಳಿಯತೊಡಗಿತ್ತು. ಆ ಕಾಯ್ದೆ ಬಂದ ಮೇಲೆ ತಮ್ಮ ವಾರ್ಡಿನ ಹುಡುಗಿಯರು ಮಗುವಿನ ತೂಕ ಕೇಳಿದ ಮರುಕ್ಷಣವೇ ಕೌನ್ಸಿಲ್‌ನ ವಸತಿ ಕಚೇರಿಯ ವಿಳಾಸ ಕೇಳುತ್ತಿದ್ದರು ಎಂದು ಅವರು ಹೇಳಿದರು.