ನಾಗಲಮಡಿಕೆಯ ಷಷ್ಠಿಗೆ ಅಮ್ಮನ ಜೊತೆ

ಪುಷ್ಯ ಮಾಸದ ಚಳಿ. ತುಮಕೂರಿನಲ್ಲಿ ಬೆಳಗಿನ ಐದೂವರೆಗೆ ಪಾವಗಡದ ಬಸ್ಸು ಹತ್ತಿದಾಗ ಅಮ್ಮನದು ಬರಿ ಹೊಟ್ಟೆ. ಹಿಂದಿನ ದಿನ ಪಂಚಮಿಗೆ ಒಪ್ಪತ್ತು ಊಟ, ಅದಕ್ಕೂ ಉಪ್ಪು ಹಾಕಿಕೊಂಡಿರಲಿಲ್ಲ. ನನಗೆ ಎಂಟು ವರ್ಷವಿದ್ದಾಗ ಸೊಂಟದ ಸುತ್ತ ಸರ್ಪಸುತ್ತು ಎದ್ದಿತ್ತಂತೆ. ಮಗನಿಗೆ ವಾಸಿಯಾದರೆ ಷಷ್ಠಿ ಉಪವಾಸ ಬಿಡುವುದಿಲ್ಲ, ಮೂರೂ ಸುಬ್ರಹ್ಮಣ್ಯನಿಗೆ ಬರುತ್ತೇನೆ ಅಂತ ಆಗ ಹರಕೆ ಹೊತ್ತಿದ್ದಳು. ಕುಕ್ಕೆ ಆಯಿತು, ಘಾಟಿಯೂ ಆಯಿತು. ಆದಿ, ಮಧ್ಯ ಮುಗಿದು ನಾಗಲಮಡಿಕೆಯ ಅಂತ್ಯ ಸುಬ್ರಹ್ಮಣ್ಯ ಮಾತ್ರ ಉಳಿದಿದ್ದ. ನಮ್ಮದೇ ಜಿಲ್ಲೆಯ ಕ್ಷೇತ್ರಕ್ಕೆ ಕೊನೆಗೆ ಬಂದೆವಲ್ಲ ಅನ್ನುವ ಸಂಕಟ ದಾರಿಯುದ್ದಕ್ಕೂ ನನ್ನನ್ನು ಕಾಡಿತು.

ಕೊರಟಗೆರೆ ದಾಟಿ ಮಧುಗಿರಿಗೆ ಬರುವಷ್ಟರಲ್ಲಿ ಬೆಳಕಾಯಿತು. ಏಕಶಿಲಾ ಬೆಟ್ಟದ ನೆತ್ತಿ ಇನ್ನೂ ಮಂಜಿನಲ್ಲಿತ್ತು. ಮಿಡಿಗೇಶಿ ಆದ ಮೇಲೆ ಬಸ್ಸಿನೊಳಗೆ ತೆಲುಗು ಹೆಚ್ಚಾಯಿತು. ಪಾವಗಡದ ಸುತ್ತಮುತ್ತೆಲ್ಲ ಆಂಧ್ರ. ಒಂದೇ ಮಾತಿನಲ್ಲಿ ಎರಡು ಭಾಷೆ ಸಲೀಸಾಗಿ ಬೆರೆಯುವ ಊರುಗಳಿವು. ಪಕ್ಕದ ಸೀಟಿನ ಹೆಂಗಸು ಸೊಗಡು ಅವರೆಕಾಯಿಯ ಚೀಲ ಬಿಚ್ಚಿದಾಗ ಆ ಘಮಕ್ಕೆ ನನ್ನ ಬಾಯಲ್ಲಿ ನೀರೂರಿತು. ಅಮ್ಮ ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತಳು.

ತಾರಕಾಸುರನನ್ನು ಕೊಂದ ದೇವಸೇನಾಪತಿ ಈ ಸುಬ್ಬಪ್ಪ. ತಮಿಳುನಾಡಿನಲ್ಲಿ ಅವನ ಷಷ್ಠಿ ಎಂದರೆ ಯುದ್ಧವೇ. ಕಾರ್ತಿಕದಲ್ಲಿ ಆರು ದಿನ ಉಪವಾಸವಿದ್ದು, ಆರನೇ ದಿನ ತಿರುಚೆಂದೂರಿನ ಕಡಲ ದಂಡೆಯಲ್ಲಿ ಶೂರಸಂಹಾರ ನೋಡುತ್ತಾರೆ, ವೇಲಾಯುಧ ಅಸುರನ ತಲೆ ಹಾರಿಸುತ್ತದೆ. ನಮ್ಮ ಕಡೆ ಮಾತ್ರ ಅವನು ಆಯುಧ ಕೆಳಗಿಟ್ಟವನು. ತಾರಕನನ್ನು ಕೊಂದು ಬಂದವನು ಶಕ್ತ್ಯಾಯುಧದ ನೆತ್ತರನ್ನು ಕುಮಾರಧಾರೆಯಲ್ಲಿ ತೊಳೆದುಕೊಂಡ ಎಂದು ಕುಕ್ಕೆಯಲ್ಲಿ ಹೇಳುತ್ತಾರೆ. ಆಮೇಲೆ ಉಳಿದದ್ದು ಹಾವಿನ ರೂಪ, ಹುತ್ತದ ಮಣ್ಣು, ತನಿ ಎರೆಯುವ ಹಾಲು. ಷಷ್ಠಿಯ ದಿನ ನಮ್ಮ ಮನೆಯಲ್ಲಿ ಈಳಿಗೆಮಣೆ ಗೋಡೆಗೆ ಒರಗಿರುತ್ತದೆ, ತರಕಾರಿ ಹೆಚ್ಚುವ ಹಾಗಿಲ್ಲ. ಒಲೆಯ ಮೇಲೆ ಕಾವಲಿ ಏರುವುದಿಲ್ಲ, ಒಗ್ಗರಣೆ ಚಟಗುಟ್ಟುವುದಿಲ್ಲ. ಹೊಲದಲ್ಲಿ ನೇಗಿಲು, ಗುದ್ದಲಿ ಯಾವುದೂ ನೆಲಕ್ಕೆ ತಾಗಬಾರದು. ಒಬ್ಬ ಸೇನಾಪತಿಯ ಹಬ್ಬವನ್ನು ಹರಿತವಾದುದನ್ನೆಲ್ಲ ಪಕ್ಕಕ್ಕಿಟ್ಟು ಮಾಡುವ ಈ ರೀತಿ ನನಗೆ ಬಹಳ ಇಷ್ಟ.

ಪಾವಗಡದಿಂದ ಇನ್ನೊಂದು ಬಸ್ಸು. ಇಳಿದ ಕೂಡಲೇ ಜಾತ್ರೆಯ ಸದ್ದು ಕೇಳಿತು. ಊರ ಪಕ್ಕದಲ್ಲೇ ಉತ್ತರ ಪಿನಾಕಿನಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹಾದು ಬರುವ ಈ ನದಿ ಮುಂದೆ ಆಂಧ್ರ ಹೊಕ್ಕು ಸಮುದ್ರ ಸೇರುತ್ತದೆ. ನಾವು ಹೋದಾಗ ಮರಳೇ ಹೆಚ್ಚು, ಮಧ್ಯದಲ್ಲಿ ಮೊಣಕಾಲುದ್ದದ ನೀರು. ಅಮ್ಮ ತಲೆಯ ಮೇಲೆ ಮೂರು ಬೊಗಸೆ ಸುರಿದುಕೊಂಡು ಒದ್ದೆ ಸೀರೆಯಲ್ಲೇ ಸರತಿಗೆ ನಿಂತಳು.

ಗರ್ಭಗುಡಿಯಲ್ಲಿ ಏಳು ಹೆಡೆಯ ನಾಗ, ತನ್ನ ಸುರುಳಿಯ ಮೇಲೇ ಎದ್ದು ನಿಂತಿದ್ದಾನೆ. ನಮ್ಮ ಹಿಂದೆ ನಿಂತಿದ್ದ ಹಿರಿಯರೊಬ್ಬರು ಊರಿನ ಕಥೆ ಹೇಳಿದರು. ವರ್ಷ ವರ್ಷ ಕುಕ್ಕೆಯ ತೇರಿಗೆ ಹೋಗುತ್ತಿದ್ದ ಭಕ್ತನಿಗೆ ಮುಪ್ಪು ಬಂತಂತೆ. ನಡೆಯಲಾರದ ಅವನ ಕನಸಿನಲ್ಲಿ ದೇವರು ಬಂದು, ಇನ್ನು ನೀನು ಬರಬೇಡ, ನಾನೇ ನಿನ್ನ ಊರಿಗೆ ಬರುತ್ತೇನೆ ಅಂದನಂತೆ. ಹೊಲ ಉಳುವಾಗ ನೇಗಿಲಿಗೆ ಸಿಕ್ಕಿದ್ದು ಈ ವಿಗ್ರಹ.

“ನಾಗಲಿ ಅಂದ್ರೂ ನೇಗಿಲೇ, ಮಡಕ ಅಂದ್ರೂ ನೇಗಿಲೇ ಸ್ವಾಮಿ, ತೆಲುಗಿನಲ್ಲಿ” ಅಂದರು ಅವರು.

ಅಮ್ಮನ ಕಣ್ಣು ತುಂಬಿತ್ತು. ಅವಳಿಗೂ ಈಗ ಮಂಡಿನೋವು.

ಬೆಳ್ಳಿಯ ಹೆಡೆಯನ್ನು ಒಪ್ಪಿಸಿದಳು. ತೇರು ಕದಲಿದಾಗ ಜನ ಬಾಳೆಹಣ್ಣು ಎಸೆದು ಕೈ ಮುಗಿದರು. ನನ್ನದೊಂದು ಹಣ್ಣು ಗಾಲಿಯ ಹತ್ತಿರವೇ ಬಿತ್ತು, ಅಮ್ಮನದು ಕಳಶದವರೆಗೆ ಹೋಯಿತು.

ವಾಪಸು ಬರುವಾಗ ಆಟೋ ಮಾಡಿಕೊಂಡು ತಿರುಮಣಿಯ ಕಡೆಯಿಂದ ಬಂದೆವು. ಸೋಲಾರ್ ಪಾರ್ಕ್ ನೋಡಬೇಕೆಂಬ ಆಸೆ ನನ್ನದು. ಜಾತ್ರೆಗೆ ಬಂದಿದ್ದ ಆ ಕಡೆಯ ಗಂಡ ಹೆಂಡತಿಯೂ ಜೊತೆಗೆ ಹತ್ತಿದರು. ಸುಮಾರು 13,000 ಎಕರೆ, 2,050 ಮೆಗಾವಾಟ್ ಎಂದು ಓದಿ ತಿಳಿದಿದ್ದರೂ, ಕಣ್ಣು ಹಾಯುವಷ್ಟು ದೂರ ನೀಲಿ ಹಲಗೆಗಳನ್ನು ಕಂಡಾಗ ಮಾತು ಹೊರಡಲಿಲ್ಲ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುತ್ತಿದ್ದ ನೆಲ, ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ.

“ನಮ್ದೂ ಅಲ್ಲೇ ಐತಮ್ಮ, ಆ ಕಂಬದಿಂದ ಆಚೆಗೆ” ಅಂತ ಆಕೆ ಕೈ ತೋರಿಸಿದಳು. “ಗುತ್ತಿಗೆ ದುಡ್ಡು ಬರ್ತೈತೆ. ನೇಗಿಲು ಅಟ್ಟದ ಮೇಲಿಟ್ಟಿದ್ದೀವಿ.”

“ಷಷ್ಠಿ ದಿವಸ ನೀವೂ ಹೂಡ್ತಿರಲಿಲ್ಲ ಅಲ್ವೇನವ್ವ?” ಅಮ್ಮ ಕೇಳಿದಳು.

“ಅಯ್ಯೋ, ನಮ್ಮತ್ತೆ ಹೊಲದ ಕಡೆ ಹೋಗಾಕೂ ಬಿಡ್ತಿರ್ಲಿಲ್ಲ.”

ಆಕೆ ಆ ಹಲಗೆಗಳ ಕಡೆಗೇ ನೋಡುತ್ತಿದ್ದಳು. ಸೂರ್ಯ ಇಳಿದಿದ್ದ. ಅಮ್ಮ ಸೆರಗಿನ ಗಂಟು ಬಿಚ್ಚಿ, ದೇವರಿಗೆ ತೋರಿಸಿ ತಂದಿದ್ದ ತಂಬಿಟ್ಟನ್ನು ಎರಡು ಮಾಡಿ, ದೊಡ್ಡ ತುಂಡನ್ನು ಆಕೆಯ ಕೈಗಿಟ್ಟು, ಉಳಿದದ್ದನ್ನು ತಾನು ಬಾಯಿಗೆ ಹಾಕಿಕೊಂಡಳು.