ಬದುಕಿರುವಾಗಲೇ ನುಡಿನಮನ ಬರೆದಿಡುತ್ತೀರಾ?

ದೊಡ್ಡವರು ಯಾರಾದರೂ ತೀರಿಕೊಂಡರೆ ಮರುದಿನ ನನಗೆ ಈ ಪ್ರಶ್ನೆ ಬಂದೇ ಬರುತ್ತದೆ: “ರಾತ್ರಿ ಹೋದವರ ಬಗ್ಗೆ ಬೆಳಿಗ್ಗೆ ಪೇಪರಿನಲ್ಲಿ ಪುಟ ತುಂಬಾ ಹೇಗೆ ಬರುತ್ತದೆ? ಮೊದಲೇ ಬರೆದಿಡುತ್ತೀರಾ? ಅಪಶಕುನ ಅಲ್ವಾ?”

ಹೌದು, ಎಷ್ಟೋ ಸಲ ಮೊದಲೇ ಬರೆದಿರುತ್ತೇವೆ. ಅದು ಅಪಶಕುನ ಅಲ್ಲ, ಆ ಬದುಕಿಗೆ ಕೊಡುವ ಮರ್ಯಾದೆ. ಎಂಬತ್ತು ವರ್ಷ ಬಾಳಿದವರ ಬಗ್ಗೆ ಗಡಿಬಿಡಿಯಲ್ಲಿ ಬರೆದರೆ ಪ್ರಶಸ್ತಿಗಳ ಪಟ್ಟಿಯಷ್ಟೇ ಉಳಿಯುತ್ತದೆ. ಮನುಷ್ಯ ಕಾಣುವುದೇ ಇಲ್ಲ.

ಈ ಕೆಲಸವನ್ನು ತುಂಬಾ ಶ್ರದ್ಧೆಯಿಂದ ಮಾಡುವ ಪತ್ರಿಕೆ ನ್ಯೂಯಾರ್ಕ್ ಟೈಮ್ಸ್. 1960ರ ದಶಕದಲ್ಲಿ ಅಲ್ಲಿನ ಆಲ್ಡನ್ ವಿಟ್‌ಮನ್, ಯಾರ ಬಗ್ಗೆ ಬರೆಯಬೇಕೋ ಅವರನ್ನೇ ಹೋಗಿ ಮಾತಾಡಿಸುತ್ತಿದ್ದರು. ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಕೂಡ ಕೂತು ಮಾತಾಡಿದ್ದರು. ನಟಿ ಎಲಿಜಬೆತ್ ಟೇಲರ್ 2011ರಲ್ಲಿ ತೀರಿಕೊಂಡಾಗ ಬಂದ ಬರಹದ ಮೇಲೆ ಅದೇ ಪತ್ರಿಕೆಯ ಬರಹಗಾರ ಮೆಲ್ ಗಸ್ಸೋ ಹೆಸರಿತ್ತು. ಗಸ್ಸೋ ಸ್ವತಃ 2005ರಲ್ಲೇ ತೀರಿಕೊಂಡಿದ್ದರು! ಆದರೂ ಪತ್ರಿಕೆ ಅವರ ಹೆಸರನ್ನು ಹಾಗೇ ಉಳಿಸಿತು. ನನಗೆ ಅದು ಬಹಳ ಇಷ್ಟವಾಯಿತು.

ಇಂಥ ಬರಹದಲ್ಲಿ ದಿನ, ಜಾಗ, ಕಾರಣ, ವಯಸ್ಸು ಇಷ್ಟನ್ನು ಖಾಲಿ ಬಿಟ್ಟಿರುತ್ತೇವೆ. ಮನೆಯವರಿಂದ ಸುದ್ದಿ ಖಚಿತವಾದ ಮೇಲೆಯೇ ತುಂಬುವುದು.

ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುವ ಕಾಲದಲ್ಲಿ ತಯಾರಿ ಇನ್ನೂ ಜಾಸ್ತಿ ಬೇಕಿತ್ತು. ಕನ್ನಡದಲ್ಲಂತೂ ಒತ್ತಕ್ಷರಗಳಿಗೂ ಬೇರೆ ಮೊಳೆ. ಫೋಟೊ ಬೇಕಾದರೆ ಬ್ಲಾಕ್, ಅಂದರೆ ಅದರ ಲೋಹದ ಅಚ್ಚು, ಮಾಡಿಸಬೇಕು. ಅರ್ಧರಾತ್ರಿಯಲ್ಲಿ ಅದೆಲ್ಲಿ ಸಾಧ್ಯ? ಅದಕ್ಕೇ ಗಣ್ಯರ ಬ್ಲಾಕುಗಳನ್ನು ಎತ್ತಿಡುತ್ತಿದ್ದರು. ಲೈನೋಟೈಪ್ ಯಂತ್ರದಲ್ಲಿ ಒಂದು ಸಾಲು ಅಂದರೆ ಸೀಸದ ಒಂದು ತುಂಡು. ಒಂದಕ್ಷರ ತಪ್ಪಿದರೂ ಇಡೀ ಸಾಲನ್ನು ಮತ್ತೆ ಎರಕ ಹೊಯ್ಯಬೇಕು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಪದ್ಧತಿಯ ಕೊನೆಯ ಸಂಚಿಕೆ 1978ರ ಜುಲೈ 2ರದು. ಆಮೇಲೆ ಎಲ್ಲ ಕಂಪ್ಯೂಟರಿಗೆ ಬಂತು.

ಈಗ ತಿದ್ದುವುದು ಸುಲಭ. ಆದರೆ ತಪ್ಪಿ ಹೊರಹೋಗುವುದೂ ಅಷ್ಟೇ ಸುಲಭ. 2020ರ ನವೆಂಬರ್‌ನಲ್ಲಿ ರೇಡಿಯೊ ಫ್ರಾನ್ಸ್ ಇಂಟರ್‌ನ್ಯಾಷನಲ್ ತನ್ನ ವೆಬ್‌ಸೈಟನ್ನು ಹೊಸ ವ್ಯವಸ್ಥೆಗೆ ಬದಲಾಯಿಸುವಾಗ ಸುಮಾರು ನೂರು ನುಡಿನಮನಗಳು ಪ್ರಕಟವಾಗಿಬಿಟ್ಟವು. ರಾಣಿ ಎರಡನೇ ಎಲಿಜಬೆತ್, ಪೆಲೆ ಇಬ್ಬರೂ ಅದರಲ್ಲಿದ್ದರು. ಇಬ್ಬರೂ ಆಗ ಬದುಕಿದ್ದರು. ಸಂಸ್ಥೆ ಕ್ಷಮೆ ಕೇಳಬೇಕಾಯಿತು.

ಸೀಸದ ಕಾಲದಲ್ಲಿ ಇದು ಹೀಗೆ ಆಗುತ್ತಿರಲಿಲ್ಲ. ಪ್ರೂಫ್ ನೋಡುವವರು, ಪುಟ ಕಟ್ಟುವವರು, ಮಷಿನ್ನಿನವರು, ಇಷ್ಟು ಜನರ ಕಣ್ಣು ದಾಟಿಯೇ ಬರಹ ಹೊರಗೆ ಹೋಗಬೇಕಿತ್ತು. ಹಾಗಾಗಿ ಇಂಥ ಫೈಲುಗಳನ್ನು ಪ್ರಕಟಣೆಯ ಸಾಫ್ಟ್‌ವೇರಿನಲ್ಲಿ ಇಡಲೇಬಾರದು, ಬೇರೆ ಕಡೆ ಇಡಿ ಅಂತ ಡೆಸ್ಕಿನ ಹುಡುಗರಿಗೆ ಪ್ರತಿ ಸಲವೂ ಹೇಳುತ್ತೇನೆ.