ಕಾರು ಕಲಿಯದ ಅಜ್ಜ, ಜಗಳ ಬಿಡದ ಓದುಗರು

ಲಾಸ್ ಏಂಜಲೀಸ್‌ನಲ್ಲಿ ಕಾರಿಲ್ಲದವರನ್ನು ಜನ ಒಂಥರಾ ಕನಿಕರದಿಂದ ನೋಡುತ್ತಾರೆ. ಹೊಸದಾಗಿ ಬಂದಾಗ ನಾನೂ ಆ ಕನಿಕರಕ್ಕೆ ಪಾತ್ರನಾದವನೇ. ಬಸ್ಸಿಗೆ ಕಾದು ಕಾದು ಸುಸ್ತಾಗಿ ಆಫೀಸು ಸೇರಿದ ಒಂದು ದಿನ, ಪಕ್ಕದ ಕುರ್ಚಿಯ ಹಿರಿಯರು ಸಮಾಧಾನ ಮಾಡಿದರು. "ಮಂಗಳ ಗ್ರಹಕ್ಕೆ ಮನುಷ್ಯರನ್ನು ಕಳಿಸಿದ ಲೇಖಕ ಇದೇ ಊರಲ್ಲಿದ್ದಾನೆ. ಅವನಿಗೂ ಕಾರು ಓಡಿಸೋಕೆ ಬರಲ್ಲ" ಅಂದರು.

ಅವರು ಹೇಳಿದ್ದು ರೇ ಬ್ರಾಡ್‌ಬರಿ ಬಗ್ಗೆ. ಹುಟ್ಟಿದ್ದು 1920ರಲ್ಲಿ, ಇಲಿನಾಯ್ ರಾಜ್ಯದ ವಾಕೀಗನ್‌ನಲ್ಲಿ. ಹುಡುಗನಾಗಿದ್ದಾಗಲೇ ಮನೆಯವರ ಜೊತೆ ಈ ಊರಿಗೆ ಬಂದವರು. ಹದಿಹರೆಯದಲ್ಲಿ ಕಣ್ಣೆದುರೇ ಒಂದು ಭೀಕರ ಅಪಘಾತ ನೋಡಿ, ಆಮೇಲೆ ಸ್ಟೀರಿಂಗ್ ಮುಟ್ಟಲೇ ಇಲ್ಲ. ವಿಮಾನವನ್ನೂ ಅರವತ್ತು ದಾಟಿದ ಮೇಲೆಯೇ ಹತ್ತಿದ್ದು. ರಾಕೆಟ್ಟಿನ ಕಥೆಗಳಿಂದ ಹೆಸರು ಮಾಡಿದ ಮನುಷ್ಯ, ನೋಡಿ! 1963ರಲ್ಲಿ ಒಂದು ಕಂಪನಿ ತನ್ನ ಖರ್ಚಿನಲ್ಲೇ ಈ ಊರಿಗೆ ಮಾನೋರೈಲು ಹಾಕಿಕೊಡುತ್ತೇನೆ ಅಂದಾಗ, ಅದರ ಪರವಾಗಿ ಓಡಾಡಿದವರಲ್ಲಿ ಇವರೂ ಒಬ್ಬರು. ಊರು ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತಿಗೂ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲೆಲ್ಲ ನನಗೆ ಅದು ನೆನಪಾಗಿ ಹೊಟ್ಟೆ ಉರಿಯುತ್ತದೆ. (ಡೌನ್‌ಟೌನ್‌ನಲ್ಲಿ ಬ್ರಾಡ್‌ಬರಿ ಬಿಲ್ಡಿಂಗ್ ಅಂತ ಒಂದು ಸೊಗಸಾದ ಹಳೇ ಕಟ್ಟಡ ಇದೆ. ಅದಕ್ಕೂ ಇವರಿಗೂ ಸಂಬಂಧ ಇಲ್ಲ. ಕಟ್ಟಿದ್ದು 1893ರಲ್ಲಿ, ಬೇರೆ ಬ್ರಾಡ್‌ಬರಿ.)

ಆ ಹಿರಿಯರೇ ನನ್ನನ್ನು ತಮ್ಮ ಬ್ರಾಡ್‌ಬರಿ ಓದುಗರ ಗುಂಪಿಗೆ ಸೇರಿಸಿದರು. ಊರಿನ ಪಶ್ಚಿಮ ಭಾಗದ ಒಂದು ಲೈಬ್ರರಿಯಲ್ಲಿ ಸೇರುತ್ತಿದ್ದೆವು. ನಿವೃತ್ತ ಟೀಚರ್ ಒಬ್ಬರು, ಸ್ಟುಡಿಯೋದಲ್ಲಿ ಲೈಟಿಂಗ್ ಕೆಲಸ ಮಾಡಿದವರೊಬ್ಬರು, ಕಾಲೇಜು ಹುಡುಗರು, ಒಬ್ಬ ಅಂಚೆ ನೌಕರ. ಪುಸ್ತಕ ಚರ್ಚೆ ಅಂತ ಹೆಸರು, ನಡೆಯುತ್ತಿದ್ದದ್ದು ಪಕ್ಕಾ ಜಗಳ. ನಮ್ಮ ಕಡೆ ಹಿರಿಯ ಸಾಹಿತಿ ಅಂದರೆ ಹಾರ, ಶಾಲು, ಹಣ್ಣಿನ ಬುಟ್ಟಿ, ಎದುರಿಗೆ ಒಂದು ಮಾತೂ ಇಲ್ಲ. ಇಲ್ಲಿ ಪ್ರೀತಿ ಬೈಗುಳದ ರೂಪದಲ್ಲೇ ಹೊರಗೆ ಬರುತ್ತಿತ್ತು. ಆದರೆ ಹೊರಗಿನವರು ಯಾರಾದರೂ ನಮ್ಮ ಬ್ರಾಡ್‌ಬರಿ ಅಜ್ಜನ ಬಗ್ಗೆ ಒಂದು ಮಾತು ಆಡಲಿ, ಎಲ್ಲರೂ ಒಂದಾಗಿ ಮುಗಿಬೀಳುತ್ತಿದ್ದರು.

ಆ ಗುಂಪಿನ ಅತಿ ದೊಡ್ಡ ಜಗಳ ನಡೆದದ್ದು 2004ರ ಕೊನೆಯಲ್ಲಿ. ಆಗ ಅಜ್ಜನಿಗೆ 84. ಐದು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಗಾಲಿಕುರ್ಚಿಗೆ ಬಂದಿದ್ದರು. ಹೆಂಡತಿ ಮಾರ್ಗರೀಟ್ ಹಿಂದಿನ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. ಬರವಣಿಗೆ ಮಾತ್ರ ನಿಂತಿರಲಿಲ್ಲ. ಫೋನಿನಲ್ಲಿ ಇವರು ಹೇಳುತ್ತಾ ಹೋಗುವುದು, ಆ ಕಡೆಯಿಂದ ಮಗಳು ಬರೆದುಕೊಳ್ಳುವುದು. ಅಂಥ ಸ್ಥಿತಿಯಲ್ಲಿ ಈ ತುದಿಯಿಂದ ಆ ತುದಿಗೆ, ವಾಷಿಂಗ್ಟನ್‌ಗೆ ಹೋಗಿ ಶ್ವೇತಭವನದಲ್ಲಿ ನ್ಯಾಷನಲ್ ಮೆಡಲ್ ಆಫ್ ಆರ್ಟ್ಸ್ ತೆಗೆದುಕೊಂಡರು. ಕಲಾವಿದರಿಗೆ ಅಮೆರಿಕ ಸರ್ಕಾರ ಕೊಡುವ ಅತಿ ದೊಡ್ಡ ಗೌರವ ಅದು. ಕೊಟ್ಟವರು ಅಧ್ಯಕ್ಷ ಜಾರ್ಜ್ ಬುಷ್.

ತೊಂದರೆ ಶುರುವಾದದ್ದೇ ಅಲ್ಲಿ. ಆ ತಿಂಗಳೇ ಬುಷ್ ಎರಡನೇ ಸಲ ಗೆದ್ದಿದ್ದರು. ಇರಾಕ್ ಯುದ್ಧ ನಡೆಯುತ್ತಿತ್ತು. ಲಾಸ್ ಏಂಜಲೀಸ್‌ನಲ್ಲಿ ಬುಷ್ ಹೆಸರೆತ್ತಿದರೆ ಊಟ ಬಿಟ್ಟು ಏಳುವ ಜನ ಜಾಸ್ತಿ. ಅದೇ ವರ್ಷ ಮೈಕೆಲ್ ಮೂರ್ ಬುಷ್ ವಿರುದ್ಧ ತೆಗೆದ ಸಾಕ್ಷ್ಯಚಿತ್ರ ಕಾನ್ ಚಿತ್ರೋತ್ಸವದಲ್ಲಿ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಗೆದ್ದು, ಥಿಯೇಟರುಗಳಲ್ಲೂ ಜೋರಾಗಿ ಓಡಿತ್ತು. ಅದರ ಹೆಸರು ‘ಫ್ಯಾರನ್‌ಹೀಟ್ 9/11’. ನಮ್ಮ ಅಜ್ಜನ 1953ರ ಕಾದಂಬರಿ ‘ಫ್ಯಾರನ್‌ಹೀಟ್ 451’ರ ಹೆಸರಿನ ನೆರಳು ಅದು. ನನ್ನನ್ನು ಕೇಳದೆ ಹೆಸರು ಎತ್ತಿಕೊಂಡ ಅಂತ ಬ್ರಾಡ್‌ಬರಿ ಸಿಟ್ಟಾಗಿದ್ದರು. ಪತ್ರಿಕೆಗಳಲ್ಲೂ ಹೇಳಿಕೊಂಡಿದ್ದರು.

ಕಾದಂಬರಿ ಓದಿರದವರಿಗೆ ಒಂದು ಮಾತು. ಪುಸ್ತಕ ಇಟ್ಟುಕೊಳ್ಳುವುದೇ ಅಪರಾಧವಾದ ಒಂದು ಕಾಲ. ಅಗ್ನಿಶಾಮಕ ದಳದವರ ಕೆಲಸ ಬೆಂಕಿ ಆರಿಸುವುದಲ್ಲ, ಪುಸ್ತಕ ಸುಡುವುದು. 451 ಅಂದರೆ ಕಾಗದ ಹೊತ್ತಿಕೊಳ್ಳುವ ಶಾಖ ಅಂತ ಲೆಕ್ಕ, ನಮ್ಮ ಸೆಲ್ಸಿಯಸ್‌ನಲ್ಲಿ ಸುಮಾರು 233 ಡಿಗ್ರಿ. ಇದರ ಮೊದಲ ರೂಪವನ್ನು ಅವರು ಬರೆದದ್ದು ಇಲ್ಲಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಪೊವೆಲ್ ಲೈಬ್ರರಿಯ ನೆಲಮಾಳಿಗೆಯಲ್ಲಿ, ಬಾಡಿಗೆ ಟೈಪ್‌ರೈಟರ್ ಮೇಲೆ. ಅರ್ಧ ಗಂಟೆಗೆ 10 ಸೆಂಟ್. ಒಟ್ಟು ಖರ್ಚು 9 ಡಾಲರ್ 80 ಸೆಂಟ್. ಕಾಲೇಜಿಗೆ ಹೋಗಲು ದುಡ್ಡಿಲ್ಲದೆ ಲೈಬ್ರರಿಯಲ್ಲೇ ಓದಿ ಬೆಳೆದ ಮನುಷ್ಯ ಇಂಥ ಕಥೆಯನ್ನು ಇನ್ನೆಲ್ಲಿ ಬರೆಯಬೇಕು ಹೇಳಿ.

ಸರಿ, ಜಗಳಕ್ಕೆ ಬರೋಣ. ಟೀಚರಮ್ಮನದು ಒಂದೇ ಪಟ್ಟು. ಪುಸ್ತಕ ಸುಡುವ ಸರ್ಕಾರದ ಬಗ್ಗೆ ಬರೆದವರು ಈ ಅಧ್ಯಕ್ಷರ ಕೈಯಿಂದ ಪದಕ ಹಾಕಿಸಿಕೊಳ್ಳಬಾರದಿತ್ತು. ಅಂಚೆ ನೌಕರನ ವಾದ ಬೇರೆ. ಪದಕ ದೇಶದ್ದು, ಕೊಡುವ ಕೈ ನಾಲ್ಕು ವರ್ಷಕ್ಕೆ ಬದಲಾಗುತ್ತದೆ. ಅಲ್ಲದೆ ಅಧ್ಯಕ್ಷರ ಹೆಂಡತಿ ಲಾರಾ ಬುಷ್ ಲೈಬ್ರರಿಯಲ್ಲಿ ಕೆಲಸ ಮಾಡಿದವರು, ಅಜ್ಜನಿಗೆ ಅಷ್ಟು ಸಾಕು. ಹೆಸರಿನ ವಿಷಯಕ್ಕೆ ಬಂದಾಗ ಕಾಲೇಜು ಹುಡುಗನೊಬ್ಬ ಕೊಂಕು ತೆಗೆದ. ಮೂರ್ ಕದ್ದ ಅಂತ ಕೂಗುತ್ತೀರಲ್ಲ, ಅಜ್ಜನದೇ ಪುಸ್ತಕದ ಹೆಸರು ‘ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್’ ಎಲ್ಲಿಂದ ಬಂತು? ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನಿಂದ. ‘ಐ ಸಿಂಗ್ ದಿ ಬಾಡಿ ಎಲೆಕ್ಟ್ರಿಕ್’? ಕವಿ ವಾಲ್ಟ್ ವಿಟ್ಮನ್‌ದು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಟೀಚರಮ್ಮ ನಿಧಾನಕ್ಕೆ, "ಶೇಕ್ಸ್‌ಪಿಯರ್ ಫೋನ್ ನಂಬರ್ ಇದ್ದಿದ್ದರೆ ರೇ ಖಂಡಿತ ಕೇಳ್ತಿದ್ದ" ಅಂದರು. ಇಷ್ಟು ಹೊತ್ತು ಪದಕದ ವಿಷಯಕ್ಕೆ ಅಜ್ಜನನ್ನು ಬೈಯುತ್ತಿದ್ದವರೇ ಇವರು!

ನನಗನಿಸಿದ್ದು ಹೇಳುತ್ತೇನೆ. ಹುಡುಗನ ಮಾತಿನಲ್ಲಿ ಹುರುಳಿತ್ತು. ಆದರೆ ಎಂಬತ್ತು ದಾಟಿದ ಲೇಖಕನಿಗೆ ತನ್ನ ಪುಸ್ತಕದ ಹೆಸರು ಹೊಸ ಪೀಳಿಗೆಗೆ ಬೇರೆಯವರ ಸಿನಿಮಾದಿಂದ ಗೊತ್ತಾಗುತ್ತಿದೆ ಅಂದರೆ ಹೇಗಾಗಬೇಡ? ಆ ಸಿಟ್ಟಿಗೆ ನ್ಯಾಯ ಅನ್ಯಾಯದ ಲೆಕ್ಕ ಹಾಕಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ವರ್ಷ ಬಂದ ಸಿನಿಮಾ ಮಾತ್ರ ಎಲ್ಲರನ್ನೂ ಒಂದು ಮಾಡಿತು. 2005ರ ‘ಎ ಸೌಂಡ್ ಆಫ್ ಥಂಡರ್’. ಅಜ್ಜನ ಮೂಲ ಕಥೆ 1952ರದು, ಕೆಲವೇ ಪುಟ. ಡೈನೋಸಾರ್ ಬೇಟೆಗೆ ಅಂತ ಕಾಲದಲ್ಲಿ ಹಿಂದಕ್ಕೆ ಹೋದವನೊಬ್ಬ ಹೆದರಿ ದಾರಿ ತಪ್ಪಿ ಒಂದು ಚಿಟ್ಟೆಯನ್ನು ತುಳಿದುಬಿಡುತ್ತಾನೆ. ವಾಪಸ್ ಬಂದರೆ ಬೋರ್ಡಿನ ಅಕ್ಷರ ಬದಲಾಗಿದೆ, ಚುನಾವಣೆಯಲ್ಲಿ ಗೆದ್ದವನೂ ಬದಲಾಗಿದ್ದಾನೆ. (2004ರ ನವೆಂಬರ್‌ನಲ್ಲಿ ಇಲ್ಲಿನವರು ಚಿಟ್ಟೆ ತುಳಿದವರು ಯಾರು ಅಂತ ಎಷ್ಟು ಜೋಕು ಮಾಡಿದರೋ.) ಇಷ್ಟು ಬಿಗಿಯಾದ ಕಥೆಗೆ ಸುಮಾರು 8 ಕೋಟಿ ಡಾಲರ್ ಸುರಿದರು. ಪ್ರಾಗ್‌ನಲ್ಲಿ ಶೂಟಿಂಗ್ ನಡೆಯುವಾಗ 2002ರ ಪ್ರವಾಹ ಬಂತು. ಆಮೇಲೆ ನಿರ್ಮಾಪಕರು ದಿವಾಳಿಯಾದರು. ಕೊನೆಗೂ ತೆರೆಗೆ ಬಂದಾಗ ಬೆನ್ ಕಿಂಗ್ಸ್‌ಲಿಯಂಥ ನಟ ಇದ್ದರೂ ಸಿನಿಮಾ ಉಳಿಯಲಿಲ್ಲ. ನಾವೆಲ್ಲ ಒಟ್ಟಿಗೆ ಹೋಗಿದ್ದೆವು. ಥಿಯೇಟರಿನಲ್ಲಿ ನಮ್ಮನ್ನು ಬಿಟ್ಟರೆ ಹೆಚ್ಚು ಜನ ಇರಲಿಲ್ಲ. ಲೈಟಿಂಗ್ ಕೆಲಸ ಮಾಡಿದವರು ಪ್ರತಿ ದೃಶ್ಯಕ್ಕೂ ಬೆಳಕು ಯಾವ ಕಡೆಯಿಂದ ಬರಬೇಕಿತ್ತು ಅಂತ ಪಿಸುಗುಟ್ಟುತ್ತಲೇ ಇದ್ದರು. ಸಿನಿಮಾಕ್ಕಿಂತ ಅದೇ ಚೆನ್ನಾಗಿತ್ತು.

ಅಜ್ಜನನ್ನು ನಾನು ನೋಡಿದ್ದು ದೂರದಿಂದ, ಗ್ಲೆಂಡೇಲ್‌ನ ಒಂದು ಪುಸ್ತಕದಂಗಡಿಯಲ್ಲಿ ಅವರ ಹುಟ್ಟುಹಬ್ಬಕ್ಕೆ. ಬಿಳಿ ಕೂದಲು, ದಪ್ಪ ಕನ್ನಡಕ, ಗಾಲಿಕುರ್ಚಿ, ಎದುರಿಗೆ ಮಾರುದ್ದದ ಸಾಲು. 2012ರ ಜೂನ್ 5ರಂದು, 91ನೇ ವಯಸ್ಸಿನಲ್ಲಿ ಹೋದರು. ಅವರ ಮನೆ ಕಡೆಗೆ ಬರುವ ಹೊಸ ರೈಲು ಕಲ್ವರ್ ಸಿಟಿ ಮುಟ್ಟಿದ್ದು ಅದೇ ತಿಂಗಳು. ಆಗಸ್ಟ್‌ನಲ್ಲಿ ಕ್ಯೂರಿಯಾಸಿಟಿ ರೋವರ್ ಮಂಗಳ ಗ್ರಹದಲ್ಲಿ ಇಳಿದ ಜಾಗಕ್ಕೆ ನಾಸಾ ಬ್ರಾಡ್‌ಬರಿ ಲ್ಯಾಂಡಿಂಗ್ ಅಂತ ಹೆಸರಿಟ್ಟಿತು. ಚೆವಿಯಟ್ ಹಿಲ್ಸ್‌ನ ಅವರ ಹಳದಿ ಮನೆಯನ್ನು ಕೊಂಡವರು 2015ರಲ್ಲಿ ಕೆಡವಿಬಿಟ್ಟರು. ಗುಂಪಿನಲ್ಲಿ ಕೆಲವರು ಕಣ್ಣೀರಿಟ್ಟರು.

ಗುಂಪು ಈಗ ಸಣ್ಣದಾಗಿದೆ, ಜಗಳ ಸಣ್ಣದಾಗಿಲ್ಲ. 2018ರಲ್ಲಿ ಎಚ್‌ಬಿಒ ಟಿವಿ ಚಾನೆಲ್‌ನವರು ‘ಫ್ಯಾರನ್‌ಹೀಟ್ 451’ ಮತ್ತೆ ತೆಗೆದಾಗ ಟೀಚರಮ್ಮನ ಮನೆಯಲ್ಲಿ ಸೇರಿದ್ದೆವು. ನಾಯಕನ ಹೆಂಡತಿಯ ಪಾತ್ರವನ್ನೇ ಕಿತ್ತುಹಾಕಿದ್ದರು. ಮುಗ್ಧ ಹುಡುಗಿ ಕ್ಲಾರಿಸ್‌ಳನ್ನು ಪುಸ್ತಕ ಸುಡುವ ದಳಕ್ಕೆ ಗುಟ್ಟಾಗಿ ಮಾಹಿತಿ ಕೊಡುವವಳನ್ನಾಗಿ ಮಾಡಿದ್ದರು. ಅರ್ಧಕ್ಕೇ ಟೀಚರಮ್ಮ ಎದ್ದು ಟಿವಿ ಆರಿಸಿ, ಇದೇ ಕಾದಂಬರಿಯನ್ನು ಫ್ರೆಂಚ್ ನಿರ್ದೇಶಕ ತ್ರೂಫೋ 1966ರಲ್ಲಿ ತೆಗೆದ ಸಿನಿಮಾದ ಡಿವಿಡಿ ಹಾಕಿದರು. ಅದರ ಶುರುವಿನಲ್ಲಿ ಕಲಾವಿದರ ಹೆಸರುಗಳು ತೆರೆಯ ಮೇಲೆ ಬರುವುದಿಲ್ಲ, ದನಿಯೊಂದು ಓದಿ ಹೇಳುತ್ತದೆ. ಓದುವುದೇ ನಿಷಿದ್ಧವಾದ ಲೋಕ ಅಲ್ವಾ! ಅಂಚೆ ನೌಕರ ಮಾತ್ರ, ಕ್ಲಾರಿಸ್ ಮತ್ತು ಹೆಂಡತಿ ಎರಡೂ ಪಾತ್ರವನ್ನು ಜೂಲಿ ಕ್ರಿಸ್ಟಿ ಒಬ್ಬರ ಕೈಯಲ್ಲೇ ಮಾಡಿಸಿದ್ದು ತಪ್ಪು ಅಂತ ಶುರು ಹಚ್ಚಿಕೊಂಡರು. ರಾತ್ರಿ ಒಂದು ಗಂಟೆಗೆ ನಾವು ಮನೆಗೆ ಹೊರಟಾಗಲೂ ಆ ವಾದ ಮುಗಿದಿರಲಿಲ್ಲ.